ಬೇಗಂ ಬಜಾರಿನ ಹಮಾಲರು: ದುಡಿಮೆಯ ಹೊತ್ತು, ಮಾಗಿದ ಮೈ

ಹೈದರಾಬಾದಿನ ಅಫ್ಜಲ್‌ಗಂಜ್ ಬಳಿಯ ಬೇಗಂ ಬಜಾರ್ ಆಸಫ್ ಜಾಹಿಗಳ ಕಾಲದ ಸಗಟು ಪೇಟೆ. ಎರಡನೆಯ ಆಸಫ್ ಜಾ ನಿಜಾಮ್ ಅಲಿ ಖಾನನ (ಆಳ್ವಿಕೆ 1762–1803) ಪತ್ನಿ ಹಮ್ದಾ ಬೇಗಂ ವರ್ತಕರಿಗೆ ಬಿಟ್ಟುಕೊಟ್ಟ ನೆಲದಲ್ಲಿ ಅದು ಬೆಳೆಯಿತೆಂದು ಪ್ರತೀತಿ. ಒಣಹಣ್ಣು, ಮಸಾಲೆ, ಕಿರಾಣಿ, ಹಿತ್ತಾಳೆ ಪಾತ್ರೆಗಳ ಈ ಪೇಟೆಯ ಚರಿತ್ರೆಯಲ್ಲಿ ವರ್ತಕರ ಮನೆತನಗಳಿಗೆ ಸಿಕ್ಕ ಜಾಗ ಹಮಾಲರಿಗೆ ಸಿಕ್ಕಿಲ್ಲ. ಅದು ಅನ್ಯಾಯ.

1874ರಲ್ಲಿ ವಾಡಿ–ಸಿಕಂದರಾಬಾದ್ ರೈಲು ಮಾರ್ಗ ತೆರೆದ ಮೇಲೆ ಎತ್ತಿನ ಗಾಡಿಯ ಸರಕಿಗೆ ರೈಲಿನ ಸರಕು ಕೂಡಿತು. ಮುಂದೆ ಲಾರಿಗಳು ಬಂದವು. ಆದರೆ ಇಕ್ಕಟ್ಟಿನ ಗಲ್ಲಿಗಳಲ್ಲಿ ಗೋದಾಮಿನವರೆಗಿನ ಕೊನೆಯ ದಾರಿ ಬೆನ್ನಿನ ಮೇಲೆ, ತಳ್ಳುಗಾಡಿಯ ಮೇಲೆಯೇ ಉಳಿಯಿತು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಕಲಬುರಗಿ, ಬೀದರ್, ರಾಯಚೂರು ಸೀಮೆಯವರು ಮಳೆ ಕೈಕೊಟ್ಟಾಗ ಕೂಲಿ ಹುಡುಕಿ ಹೈದರಾಬಾದಿಗೆ ಹೋಗುವುದು ಹಳೆಯ ರೂಢಿ.

ಹಮಾಲಿ ಕೂಲಿ ಚೀಲದ ಲೆಕ್ಕದ್ದು. ಹೀಗಾಗಿ ದಿನದ ಅಳತೆ ಗಡಿಯಾರದ್ದಲ್ಲ, ಬಂದ ಸರಕಿನದು. ವಯಸ್ಸಾದಂತೆ ಗಂಟೆಗೆ ಹೊರುವ ಚೀಲ ಕಡಿಮೆಯಾಗುತ್ತದೆ. ಅಷ್ಟೇ ಸಂಪಾದನೆಗೆ ಇನ್ನೂ ಹೆಚ್ಚು ಹೊತ್ತು ದುಡಿಯಬೇಕು. ವಿಶ್ರಾಂತಿ ಹೆಚ್ಚು ಬೇಕಾದ ವಯಸ್ಸಿನಲ್ಲೇ ಅದು ಕೈತಪ್ಪುತ್ತದೆ.

ಹೊರುವವರ ರೋಗಗಳ ಬಗ್ಗೆ ಇಟಲಿಯ ವೈದ್ಯ ರಾಮಾಜಿನಿ 1700ರಲ್ಲೇ ಬರೆದಿದ್ದ. ಬಿಡುವಿಲ್ಲದ ದುಡಿಮೆ ಮೈಗೆ ಮಾಡುವ ಹಾನಿಯ ಒಂದು ಎಳೆ ಉರಿಯೂತ. ಅದನ್ನು ರಕ್ತದಲ್ಲಿ ತೋರಿಸುವ ಸಿ-ರಿಯಾಕ್ಟಿವ್ ಪ್ರೋಟೀನ್ ಪತ್ತೆಯಾದದ್ದು 1930ರಲ್ಲಿ. ಮುಪ್ಪಿನ ಜೊತೆ ಸಣ್ಣ ಮಟ್ಟದ ಉರಿಯೂತ ನಿರಂತರವಾಗಿ ಉಳಿಯುತ್ತದೆಂಬ ವಿಚಾರವನ್ನು ಕ್ಲಾಡಿಯೊ ಫ್ರಾನ್ಚೆಸ್ಕಿ 2000ದಲ್ಲಿ ಮಂಡಿಸಿದರು. ದುಡಿಮೆಯಿಂದ ನೊಂದ ಸ್ನಾಯು ನಿದ್ದೆ, ಬಿಡುವುಗಳಲ್ಲಿ ಸುಧಾರಿಸಿಕೊಳ್ಳುತ್ತದೆ. ಅವು ಸಾಲದಾದಾಗ ಉರಿಯೂತ ಇಳಿಯದೆ ರಕ್ತನಾಳಗಳನ್ನು ಬಾಧಿಸಬಹುದು. ಮೆಣಸಿನಕಾಯಿ ಘಾಟು, ಗೋಣಿಯ ಧೂಳು ಶ್ವಾಸನಾಳವನ್ನು ಕೆರಳಿಸುವುದು ಬೇರೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚಿನ ದುಡಿಮೆಯಿಂದ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇಕಡ 35ರಷ್ಟು ಹೆಚ್ಚುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜಿಸಿದವು.

ಕಾನೂನು ಹಮಾಲರ ಕಡೆ ತಡವಾಗಿ ತಿರುಗಿತು. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಹೈದರಾಬಾದ್ ರಾಜ್ಯದ ಅಂಗಡಿಗಳಿಗೆ 1951ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಹಮಾಲರಿಗೆಂದೇ ಮಹಾರಾಷ್ಟ್ರ 1969ರಲ್ಲಿ, ಆಂಧ್ರಪ್ರದೇಶ 1976ರಲ್ಲಿ ಕಾಯ್ದೆ ಮಾಡಿದವು. ಒಬ್ಬ ಗಂಡಸು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೇಳಿದ್ದು 1967ರಲ್ಲಿ; ಕ್ವಿಂಟಲ್ ಚೀಲಕ್ಕೆ ಪಳಗಿದ್ದ ಪೇಟೆಗಳಿಗೆ ಅದು ದೂರದ ಮಾತಾಗಿತ್ತು. ಬೆಳಿಗ್ಗೆ ಒಂದು ಅಂಗಡಿ, ಮಧ್ಯಾಹ್ನ ಇನ್ನೊಂದು ಎಂದು ದುಡಿಯುವವನ ಗಂಟೆಗಳನ್ನು ಕೂಡಿಸಿ ಬರೆದಿಡುವ ಒಬ್ಬ ಮಾಲೀಕ ಇರುವುದಿಲ್ಲ. ಗಂಟೆಯ ಮಿತಿ ಹಮಾಲನ ಮಟ್ಟಿಗೆ ಜಾರಿಯಾಗುವುದು ಕಷ್ಟವಾಗಿರುವುದು ಮುಖ್ಯವಾಗಿ ಇದರಿಂದಲೇ.