ಬಾಡಿಗೆ ಮನೆಗೆ ಸಾಕುಪ್ರಾಣಿ : ಕರಾರಿನಲ್ಲಿ ಏನೇನಿರಬೇಕು?

ಬೆಂಗಳೂರು : ಮನೆ ಹಿಡಿಸಿತು, ಬಾಡಿಗೆ ಒಪ್ಪಿಗೆಯಾಯಿತು, ಮುಂಗಡದ ಮಾತೂ ಮುಗಿಯಿತು. ‘ನಮ್ಮಲ್ಲೊಂದು ನಾಯಿಯಿದೆ’ ಎಂದೊಡನೆ ಮಾಲೀಕರ ಮುಖಚರ್ಯೆ ಬದಲಾಗುತ್ತದೆ. ರಾಜ್ಯದ ನಗರಗಳಲ್ಲಿ ನಾಯಿ, ಬೆಕ್ಕು ಸಾಕಿರುವ ಬಾಡಿಗೆದಾರರಿಗೆ ಇದು ಹೊಸ ಅನುಭವವೇನಲ್ಲ. ಹೀಗಾಗಿ ಕೆಲವರು ವಿಷಯವನ್ನು ಮುಚ್ಚಿಟ್ಟು ಮನೆ ಹಿಡಿಯುತ್ತಾರೆ. ಮುಂದೆ ಜಗಳ, ನೋಟಿಸು, ಮುಂಗಡ ಹಣದ ತಕರಾರು. ಕರಾರು ಪತ್ರದಲ್ಲಿ ನಾಲ್ಕು ಸಾಲು ಬರೆದಿದ್ದರೆ ಇವುಗಳಲ್ಲಿ ಹೆಚ್ಚಿನವು ತಪ್ಪುತ್ತಿದ್ದವು.

ಸಂಘ ಬೇರೆ, ಮಾಲೀಕ ಬೇರೆ

ಅಪಾರ್ಟ್‌ಮೆಂಟ್ ಸಂಘದ ಅಧಿಕಾರವನ್ನೂ ಮನೆ ಮಾಲೀಕರ ಹಕ್ಕನ್ನೂ ಒಂದೇ ಎಂದು ಭಾವಿಸುವುದೇ ಹಲವು ಗೊಂದಲಗಳಿಗೆ ಕಾರಣ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ನಿವಾಸಿಗಳ ಸಂಘವು ಬಹುಮತದ ನಿರ್ಣಯದಿಂದಲೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ. ನಾಯಿಯ ತಳಿ, ಗಾತ್ರ ಅಥವಾ ಬೊಗಳುವಿಕೆ ಅದಕ್ಕೆ ನೆಪವಾಗದು. ಸಾಕುಪ್ರಾಣಿಗಳನ್ನು ನಿಷೇಧಿಸುವ ಸಂಘಗಳ ನಿಯಮಗಳು ಸಂವಿಧಾನಬಾಹಿರವೆಂದು ಕೇರಳ ಹೈಕೋರ್ಟ್ 2021ರಲ್ಲಿ ತೀರ್ಪಿತ್ತಿದೆ.

ತಳಿಯ ಹೆಸರು ಹೇಳಿ ಹೆದರಿಸುವವರೂ ಉಂಟು. 23 ‘ಅಪಾಯಕಾರಿ’ ತಳಿಗಳ ನಾಯಿಗಳಿಗೆ ನಿರ್ಬಂಧ ಹೇರಿ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಮರು ತಿಂಗಳೇ ರದ್ದುಪಡಿಸಿತು. ಬೆಂಗಳೂರಿನಲ್ಲಿ ಫ್ಲ್ಯಾಟಿಗೆ ಒಂದೇ ನಾಯಿ ಎಂಬ ಮಿತಿ ಹೇರಲು 2018ರಲ್ಲಿ ಹೊರಟಿದ್ದ ಮಹಾನಗರ ಪಾಲಿಕೆ, ವಿರೋಧ ಎದುರಾದ ನಂತರ ಹಿಂದೆ ಸರಿಯಿತು.

ಆದರೆ ಮನೆ ಮಾಲೀಕರ ವಿಷಯ ಬೇರೆ. ಪ್ರಾಣಿ ಸಾಕಿದವರಿಗೆ ಮನೆ ಕೊಡಲೇಬೇಕೆಂದು ಒತ್ತಾಯಿಸುವ ಕಾನೂನು ಇಲ್ಲ. ಸಂಘದ ವಿರುದ್ಧ ಗೆದ್ದ ಬಾಡಿಗೆದಾರ, ಕರಾರಿನ ಒಂದು ಷರತ್ತಿನಿಂದ ಸೋಲಬಹುದು. ಆದ್ದರಿಂದಲೇ 11 ತಿಂಗಳ ಆ ಪತ್ರಕ್ಕೆ ಇಷ್ಟು ಮಹತ್ವ.

ಮಾಲೀಕರ ಆತಂಕವೇನು?

ಮಾಲೀಕರ ಅಂಜಿಕೆ ಸಂಪೂರ್ಣ ನಿರಾಧಾರವೂ ಅಲ್ಲ. ಗ್ರಾನೈಟ್, ಟೈಲ್ಸ್ ನೆಲಕ್ಕೆ ನಾಯಿಯ ಉಗುರಿನಿಂದ ಹೆಚ್ಚಿನ ಹಾನಿಯಿಲ್ಲ. ಪೆಟ್ಟು ಬೀಳುವುದು ಮರದ ಬಾಗಿಲು, ಕಪಾಟು ಮತ್ತು ಕಿಟಕಿಯ ಸೊಳ್ಳೆ ಪರದೆಗೆ. ಮೂತ್ರದ ವಾಸನೆ, ಚಿಗಟ, ಉಣ್ಣಿಗಳ ಕಾಟ ಮತ್ತು ನೆರೆಯವರ ದೂರು ಉಳಿದ ಚಿಂತೆಗಳು.

ಬಾಡಿಗೆದಾರ ಮನೆಯನ್ನು ಪಡೆದಾಗಿನ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಸಹಜ ಸವಕಳಿಗೆ ವಿನಾಯಿತಿ ಉಂಟು ಎನ್ನುತ್ತದೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೇ ಕಲಂ. ಹಲ್ಲಿನಿಂದ ಕಚ್ಚಿ ಹಾಳಾದ ಬಾಗಿಲನ್ನು ಸಹಜ ಸವಕಳಿ ಎನ್ನಲಾಗದು. ಹಾಗೆಯೇ, ಗೋಡೆಯ ಬಣ್ಣ ಮಾಸಿದ್ದಕ್ಕೆಲ್ಲ ನಾಯಿಯನ್ನು ದೂರುವುದೂ ನ್ಯಾಯವಲ್ಲ.

ಕರಾರಿನಲ್ಲಿ ಇರಬೇಕಾದ್ದು

* ಪ್ರಾಣಿ ಯಾವುದು, ಎಷ್ಟು, ವಯಸ್ಸೇನು ಎಂಬ ವಿವರ ಹಾಗೂ ಮಾಲೀಕರ ಸ್ಪಷ್ಟ ಒಪ್ಪಿಗೆ. ಬಾಯಿಮಾತಿನ ಒಪ್ಪಿಗೆಯನ್ನು ಮುಂದೆ ಸಾಬೀತುಪಡಿಸುವುದು ಕಷ್ಟ.

* ಹೆಚ್ಚುವರಿ ಠೇವಣಿ ಕೇಳಿದರೆ ಅದರ ಮೊತ್ತ, ಯಾವ ಹಾನಿಗೆ ಕಡಿತ, ಎಂದು ವಾಪಸು ಎಂಬ ಉಲ್ಲೇಖ. ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ರೂಢಿ ಇರುವೆಡೆ, ಅದೇ ಕೆಲಸಕ್ಕೆ ಎರಡು ಬಾರಿ ಕಡಿತವಾಗದಂತೆ ಎಚ್ಚರ ವಹಿಸಬೇಕು.

* ಮನೆಗೆ ಬರುವ ದಿನವೇ ಬಾಗಿಲು, ಕಪಾಟು, ಪರದೆಗಳ ಛಾಯಾಚಿತ್ರ ತೆಗೆದು, ದಿನಾಂಕದೊಂದಿಗೆ ಇಬ್ಬರೂ ಇಟ್ಟುಕೊಳ್ಳುವುದು.

* ಮನೆ ಬಿಡುವಾಗ ಶುಚಿಗೊಳಿಸುವ, ಕೀಟನಾಶಕ ಸಿಂಪಡಿಸುವ ವೆಚ್ಚ ಯಾರದೆಂಬ ನಿರ್ಧಾರ.

ಬಾಡಿಗೆದಾರನ ಹೊಣೆ

ರೇಬಿಸ್ ಲಸಿಕೆಯ ದಾಖಲೆ ಮತ್ತು ಪಾಲಿಕೆಯ ಪರವಾನಗಿಯನ್ನು ಮೊದಲ ಭೇಟಿಯಲ್ಲೇ ತೋರಿಸುವುದು ಜಾಣತನ. ಹಿಂದಿನ ಮಾಲೀಕರಿಂದ ಎರಡು ಸಾಲಿನ ಪತ್ರ ತಂದರೆ ಇನ್ನೂ ಒಳಿತು. ಹೊರಗೆ ಕರೆದೊಯ್ಯುವಾಗ ಹಗ್ಗ ಕಟ್ಟುವುದು, ಮಲವನ್ನು ತೆಗೆಯುವುದು, ಇಡೀ ದಿನ ನಾಯಿಯನ್ನು ಒಂಟಿಯಾಗಿ ಬಿಡದಿರುವುದು ನೆರೆಯವರ ದೂರುಗಳನ್ನು ತಗ್ಗಿಸುತ್ತವೆ.

ಇಷ್ಟಾಗಿಯೂ ಮನೆ ಬಿಡಬೇಕಾದ ಸಂದರ್ಭ ಬರಬಹುದು. ಆಗ ಪ್ರಾಣಿಯನ್ನು ಬೀದಿಪಾಲು ಮಾಡುವವರಿದ್ದಾರೆ. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಮನೆಯೊಳಗೇ ಬೆಳೆದ ಪ್ರಾಣಿ ಬೀದಿಯಲ್ಲಿ ಬದುಕುವುದು ಕಷ್ಟ. ತೆರವಿಗೆ ಒಂದು ತಿಂಗಳ ಬದಲು ಎರಡು ಅಥವಾ ಮೂರು ತಿಂಗಳ ಕಾಲಾವಕಾಶ ಎಂದು ಕರಾರಿನಲ್ಲಿ ಬರೆಸಿಕೊಂಡರೆ, ನಾಯಿಯನ್ನು ಒಪ್ಪುವ ಇನ್ನೊಂದು ಮನೆ ಹುಡುಕಲು ಸಮಯ ಸಿಗುತ್ತದೆ.