ಕೂಗದ ಮ್ಯಾನೇಜರ್

1/6

ನಿಮ್ಮ ನೆಚ್ಚಿನ ಫುಟ್‌ಬಾಲ್ ತಂಡಕ್ಕೆ ಹೊಸ ಮ್ಯಾನೇಜರ್ ಬಂದಿದ್ದಾರೆ ಅಂದ್ಕೊಳ್ಳಿ. ತಂಡ ಒಂದು ಗೋಲು ಹಿಂದಿದೆ. ಟಿವಿ ಕ್ಯಾಮೆರಾ ಹೋಗಿ ಅವರ ಮುಖದ ಮೇಲೆ ನಿಲ್ಲುತ್ತೆ. ಕೈಕಟ್ಟಿ ಸುಮ್ಮನೆ ಕೂತಿದ್ದಾರೆ. ಕೂಗಾಟ ಇಲ್ಲ, ನೀರಿನ ಬಾಟಲಿಗೆ ಒದೆಯೋದಿಲ್ಲ, ರೆಫರಿ ಜೊತೆ ಜಗಳ ಇಲ್ಲ.

ಪಕ್ಕದಲ್ಲಿ ಕೂತ ಗೆಳೆಯ ಅಂತಾನೆ, "ಈ ಮನುಷ್ಯನಲ್ಲಿ ಕಿಚ್ಚೇ ಇಲ್ಲ ಕಣೋ." ಇನ್ನೊಬ್ಬ ಅಂತಾನೆ, "ಕಿರುಚಿದ್ರೆ ಗೋಲು ಬೀಳುತ್ತಾ?" ಮುಗೀತು. ಆಟ ಮುಗಿದ್ರೂ ಆ ವಾದ ಮುಗಿಯಲ್ಲ.

ಈ ವಾದ ಇವತ್ತಿನದಲ್ಲ. ಇದಕ್ಕೆ ಸಿಕ್ಕ ಅತಿ ದೊಡ್ಡ ಪರೀಕ್ಷೆ ನಡೆದಿದ್ದು 1974ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್ ಊರಿನಲ್ಲಿ. ಇವತ್ತಿನ ಕಥೆ ಅದು. ಕೊನೆಯ ಭಾಗದವರೆಗೆ ಓದಿ, ಅಲ್ಲಿ ಇನ್ನೊಬ್ಬ ಮೌನಿ ಬರ್ತಾರೆ.

2/6

ಮೊದಲು ಮಾತುಗಾರನ ಕಥೆ.

ಬಿಲ್ ಶ್ಯಾಂಕ್ಲಿ, ಸ್ಕಾಟ್ಲೆಂಡಿನ ಗ್ಲೆನ್‌ಬಕ್ ಅನ್ನೋ ಪುಟ್ಟ ಗಣಿ ಹಳ್ಳಿಯವರು. 1959ರ ಡಿಸೆಂಬರ್‌ನಲ್ಲಿ ಅವರು ಲಿವರ್‌ಪೂಲ್‌ಗೆ ಬಂದಾಗ ತಂಡ ಎರಡನೇ ಡಿವಿಜನ್‌ನಲ್ಲಿ ಒದ್ದಾಡ್ತಿತ್ತು. 1962ರಲ್ಲಿ ಮೇಲೇರಿತು. 1964, 1966, 1973ರಲ್ಲಿ ಲೀಗ್ ಗೆದ್ದಿತು. 1965 ಮತ್ತು 1974ರಲ್ಲಿ ಎಫ್‌ಎ ಕಪ್, 1973ರಲ್ಲಿ ಯುಇಎಫ್‌ಎ ಕಪ್.

ಆದ್ರೆ ಜನ ಅವರನ್ನು ಪ್ರೀತಿಸಿದ್ದು ಬರೀ ಕಪ್‌ಗಳಿಗಲ್ಲ. ಗ್ಯಾಲರಿಯಲ್ಲಿ ನಿಂತ ಬಂದರು ಕೂಲಿಗೂ ಕಾರ್ಖಾನೆ ಹುಡುಗನಿಗೂ ಶ್ಯಾಂಕ್ಲಿ ಅಂದ್ರೆ ತಮ್ಮದೇ ಎದೆ, ತಮ್ಮದೇ ಗಂಟಲು. 1971ರಲ್ಲಿ ತಂಡ ಎಫ್‌ಎ ಕಪ್ ಫೈನಲ್ ಸೋತು ಊರಿಗೆ ಬಂತು. ಸೋತ ತಂಡ ನೋಡೋಕೆ ಸೇಂಟ್ ಜಾರ್ಜ್ಸ್ ಹಾಲ್ ಮುಂದೆ ಜನಸಾಗರ. ಶ್ಯಾಂಕ್ಲಿ ಮೆಟ್ಟಿಲ ಮೇಲೆ ನಿಂತು ಕೈ ಎತ್ತಿದ್ದೇ ತಡ, ಅಷ್ಟೂ ಜನ ಗಪ್‌ಚುಪ್.

ಅಂಥ ಮನುಷ್ಯ 1974ರ ಜುಲೈ 12ರಂದು ಇದ್ದಕ್ಕಿದ್ದ ಹಾಗೆ ರಾಜೀನಾಮೆ ಕೊಟ್ರು. ಎಫ್‌ಎ ಕಪ್ ಎತ್ತಿ ಆಗ ಎರಡು ತಿಂಗಳು ಕಳೆದಿತ್ತು, ಅಷ್ಟೆ. ಟಿವಿ ವರದಿಗಾರ ಬೀದಿಯಲ್ಲಿ ಹುಡುಗರಿಗೆ ಸುದ್ದಿ ಹೇಳಿದ ಫಿಲ್ಮ್ ಈಗಲೂ ಇದೆ. ಹುಡುಗರು ನಂಬೋದೇ ಇಲ್ಲ. ತಮಾಷೆ ಮಾಡ್ತಿದ್ದೀರಾ ಅನ್ನೋ ಮುಖ. ಮನೆಯಲ್ಲಿ ಯಾರೋ ಹೋದರು ಅಂತ ಕೇಳಿದ ಹಾಗೆ ನಿಂತಿದ್ದಾರೆ.

3/6

ಈಗ ಅವರ ಜಾಗಕ್ಕೆ ಬಂದವರನ್ನು ನೋಡಿ.

ಬಾಬ್ ಪೇಸ್ಲಿ. ವಯಸ್ಸು 55. ಇವರೂ ಗಣಿ ಊರಿನವರೇ, ಡರ್ಹಮ್ ಸೀಮೆಯ ಹೆಟನ್-ಲೆ-ಹೋಲ್. 1939ರಲ್ಲಿ ಆಟಗಾರನಾಗಿ ಲಿವರ್‌ಪೂಲ್ ಸೇರಿದವರು. ಆಮೇಲೆ ಟ್ರೈನರ್, ಫಿಸಿಯೋ, ಸಹಾಯಕ ಮ್ಯಾನೇಜರ್. ಮಧ್ಯೆ ಯುದ್ಧದಲ್ಲಿ ಫಿರಂಗಿ ದಳದ ಜೊತೆ ಉತ್ತರ ಆಫ್ರಿಕಾ, ಇಟಲಿ ಸುತ್ತಿ ಬಂದಿದ್ರು. ಚಪ್ಪಟೆ ಟೋಪಿ, ಸಾದಾ ಸ್ವೆಟರ್. ನೋಡಿದ್ರೆ ಪಕ್ಕದ ಮನೆಯ ಚಿಕ್ಕಪ್ಪ.

ಭಾಷಣ ಅಂದ್ರೆ ಅಲರ್ಜಿ. ವಾಕ್ಯ ಅರ್ಧಕ್ಕೇ ನಿಂತು ಹೋಗ್ತಿತ್ತು. ಎದುರಾಳಿ ಆಟಗಾರರ ಹೆಸರು ಬಾಯಿಗೆ ಬರದೆ "ಅದೇ... ಅವನು..." ಅಂತ ಮುಗಿಸ್ತಿದ್ರು ಅಂತ ಅವರ ಹುಡುಗರೇ ಆಮೇಲೆ ನಗ್ತಾ ನೆನೆಸಿಕೊಂಡಿದ್ದಾರೆ. ಈ ಹುದ್ದೆ ತನಗೆ ಬೇಡ ಅಂತಲೂ ಅವರು ಹೇಳಿದ್ರು. ಶ್ಯಾಂಕ್ಲಿ ಮನಸ್ಸು ಬದಲಿಸ್ತಾರೇನೋ ಅಂತ ಕಾದ್ರು. ಬದಲಿಸಲಿಲ್ಲ.

ಅದಕ್ಕಿಂತ ಕಷ್ಟದ್ದು ಮುಂದೆ ಬಂತು. ರಾಜೀನಾಮೆ ಕೊಟ್ಟ ಮೇಲೂ ಶ್ಯಾಂಕ್ಲಿಗೆ ಮನೆಯಲ್ಲಿ ಕೂರೋಕೆ ಆಗಲಿಲ್ಲ. ಮೆಲ್‌ವುಡ್ ಅಭ್ಯಾಸ ಮೈದಾನಕ್ಕೆ ದಿನಾ ಬರೋಕೆ ಶುರು ಮಾಡಿದ್ರು. ಆಟಗಾರರ ಬಾಯಲ್ಲಿ ಅವರು ಇನ್ನೂ 'ಬಾಸ್'. ಪೇಸ್ಲಿ ಬರೀ 'ಬಾಬ್'. ಒಂದು ಮನೆಗೆ ಇಬ್ಬರು ಯಜಮಾನರು ಆದ ಹಾಗೆ. ಕೊನೆಗೆ ಬರಬೇಡಿ ಅಂತ ಹೇಳಲೇಬೇಕಾಯ್ತು. ಶ್ಯಾಂಕ್ಲಿಗೆ ಅದು ಸಾಯೋವರೆಗೂ ನೋವಾಗಿ ಉಳೀತು. ಹೇಳಬೇಕಾಗಿ ಬಂದ ಪೇಸ್ಲಿಗೂ ಅದು ಸುಲಭದ ಮಾತಾಗಿರಲಿಲ್ಲ. ಹದಿನಾಲ್ಕು ವರ್ಷ ಒಟ್ಟಿಗೆ ದುಡಿದವರು ಅವರಿಬ್ಬರು.

ಮೊದಲ ಸೀಸನ್ ಮುಗಿದಾಗ ಕೈಯಲ್ಲಿ ದೊಡ್ಡ ಕಪ್ ಒಂದೂ ಇಲ್ಲ. ಲೀಗ್‌ನಲ್ಲಿ ಡರ್ಬಿ ಕೌಂಟಿಗಿಂತ ಎರಡು ಅಂಕ ಹಿಂದೆ, ಎರಡನೇ ಸ್ಥಾನ.

ಈಗ ನಿಮ್ಮನ್ನೇ ಕೇಳ್ತೀನಿ. ಆ ದಿನ ನೀವು ಗ್ಯಾಲರಿಯಲ್ಲಿ ಇದ್ದಿದ್ರೆ ಏನು ಹೇಳ್ತಿದ್ರಿ? "ತುಂಬಿದ ಕೊಡ ತುಳುಕೋದಿಲ್ಲ" ಅಂತ ಗಾದೆ ಹೇಳೋದು ಈಗ ಸುಲಭ. ಆದ್ರೆ ಖಾಲಿ ಕೊಡವೂ ತುಳುಕೋದಿಲ್ಲ, ಅಲ್ವಾ? ಹೊರಗೆ ನಿಂತು ನೋಡೋನಿಗೆ ಎರಡೂ ಒಂದೇ ಥರ ಕಾಣುತ್ತೆ. ಅಭಿಮಾನಿಯ ಅನುಮಾನ ದಡ್ಡತನ ಅಲ್ಲ.

4/6

ಹಾಗಾದ್ರೆ ಕೊಡದೊಳಗೆ ಏನಿತ್ತು?

ಪೇಸ್ಲಿ ಆಟದ ದಿನಗಳು ಮುಗಿದ ಮೇಲೆ ಅಂಚೆ ಮೂಲಕ ಫಿಸಿಯೋಥೆರಪಿ ಓದಿದವರು. ಆಟಗಾರ ನಡೆಯೋ ರೀತಿ ನೋಡಿಯೇ ಎಲ್ಲಿ ನೋವಿದೆ ಅಂತ ಹೇಳ್ತಿದ್ರು ಅನ್ನೋದು ಆ ಕಾಲದ ಆಟಗಾರರೆಲ್ಲ ಒಪ್ಪೋ ಮಾತು. ಅದೇ ಕಣ್ಣು ಆಟದ ಮೇಲೂ ಇತ್ತು.

ಆರ್ಸೆನಲ್‌ನಿಂದ ಬಂದ ರೇ ಕೆನಡಿ ಸ್ಟ್ರೈಕರ್. ಗೋಲು ಬರ್ತಿಲ್ಲ. ಇನ್ನೊಬ್ಬರಾಗಿದ್ರೆ ಬೆಂಚ್‌ಗೆ ತಳ್ತಿದ್ರು. ಪೇಸ್ಲಿ ಅವರನ್ನು ಎಡಗಡೆಯ ಮಿಡ್‌ಫೀಲ್ಡ್‌ಗೆ ಇಳಿಸಿದ್ರು. ಅಲ್ಲಿ ಅರಳಿದ ಕೆನಡಿ ಇಂಗ್ಲೆಂಡ್ ತಂಡಕ್ಕೂ ಆಡಿದ್ರು.

1977ರಲ್ಲಿ ಜನರ ಕಣ್ಮಣಿ ಕೆವಿನ್ ಕೀಗನ್ ಜರ್ಮನಿಯ ಹ್ಯಾಂಬರ್ಗ್‌ಗೆ ಹೊರಟುಹೋದ್ರು, 5 ಲಕ್ಷ ಪೌಂಡ್‌ಗೆ. ಪೇಸ್ಲಿ ಸದ್ದಿಲ್ಲದೆ 4,40,000 ಪೌಂಡ್ ಕೊಟ್ಟು ಸೆಲ್ಟಿಕ್‌ನಿಂದ ಒಬ್ಬರನ್ನು ಕರೆತಂದ್ರು. ಹೆಸರು ಕೆನಿ ಡಾಲ್‌ಗ್ಲಿಶ್. ಆನ್‌ಫೀಲ್ಡ್‌ನಲ್ಲಿ ಇವತ್ತು ಒಂದು ಸ್ಟ್ಯಾಂಡ್ ಅವರ ಹೆಸರಲ್ಲಿದೆ.

1978-79ರ ಸೀಸನ್: 42 ಲೀಗ್ ಪಂದ್ಯ. ಬಿಟ್ಟುಕೊಟ್ಟ ಗೋಲು ಬರೀ 16. ಅದರಲ್ಲೂ ತವರಿನಲ್ಲಿ 4.

ಒಂಬತ್ತು ಸೀಸನ್‌ಗಳ ಲೆಕ್ಕ: ಲೀಗ್ 6, ಯುರೋಪಿಯನ್ ಕಪ್ 3 (1977, 1978, 1981), ಲೀಗ್ ಕಪ್ 3, ಯುಇಎಫ್‌ಎ ಕಪ್ 1. ಯುರೋಪಿಯನ್ ಕಪ್ ಮೂರು ಸಲ ಗೆದ್ದ ಮೊದಲ ಮ್ಯಾನೇಜರ್ ಇವರೇ.

ಇದೆಲ್ಲ ಸರಿ, ಕಿಚ್ಚು ಎಲ್ಲಿತ್ತು ಅಂತೀರಾ? ಎರಡು ಘಟನೆ ಕೇಳಿ.

1950. ಎಫ್‌ಎ ಕಪ್ ಸೆಮಿಫೈನಲ್. ಎದುರಾಳಿ ಅದೇ ಊರಿನ ಎವರ್ಟನ್. ಆಟಗಾರ ಪೇಸ್ಲಿ ಗೋಲು ಹೊಡೆದ್ರು, ತಂಡ ಫೈನಲ್‌ಗೆ ಹೋಯ್ತು. ಫೈನಲ್ ತಂಡದ ಪಟ್ಟಿ ಬಂದಾಗ ಅವರ ಹೆಸರೇ ಇರಲಿಲ್ಲ. ಅವರು ಸಿಟ್ಟು ಮಾಡ್ಕೊಂಡು ಹೋಗಲಿಲ್ಲ, ಆ ಕ್ಲಬ್‌ನಲ್ಲೇ ಉಳಿದ್ರು. ಮುಂದೆ ಎಷ್ಟೋ ಹುಡುಗರಿಗೆ "ಇವತ್ತು ನೀನು ಆಡ್ತಿಲ್ಲ" ಅಂತ ಹೇಳಬೇಕಾದಾಗ, ಆ ನೋವು ಏನು ಅಂತ ಅವರಿಗೆ ಗೊತ್ತಿತ್ತು.

1977ರ ಮೇ 25, ರೋಮ್. ಬೊರುಸಿಯಾ ಮೊಂಶನ್‌ಗ್ಲಾಡ್‌ಬಾಕ್ ವಿರುದ್ಧ 3-1. ಲಿವರ್‌ಪೂಲ್‌ಗೆ ಮೊದಲ ಯುರೋಪಿಯನ್ ಕಪ್. ಯುದ್ಧದ ದಿನಗಳಲ್ಲಿ ಸೈನಿಕನಾಗಿ ನೋಡಿದ್ದ ಊರು ಅದು. ರಾತ್ರಿಯೆಲ್ಲ ಹುಡುಗರ ಕುಡಿತ, ಕುಣಿತ. ಪೇಸ್ಲಿ ಮಾತ್ರ ಒಂದು ಹನಿ ಮುಟ್ಟಲಿಲ್ಲ. ಯಾಕೆ? ಆ ರಾತ್ರಿಯ ಒಂದು ಕ್ಷಣವೂ ಮರೆತು ಹೋಗಬಾರದು ಅಂತ.

5/6

ಇದು ಮೌನಿಗಳೇ ಗೆಲ್ಲೋ ಕಥೆ ಅಂದ್ಕೋಬೇಡಿ. ಅದೂ ಸುಳ್ಳು.

2001ರಲ್ಲಿ ಸ್ವೀಡನ್‌ನ ಸ್ವೆನ್-ಗೋರಾನ್ ಎರಿಕ್ಸನ್ ಇಂಗ್ಲೆಂಡ್ ರಾಷ್ಟ್ರೀಯ ತಂಡದ ಮೊದಲ ವಿದೇಶಿ ಮ್ಯಾನೇಜರ್ ಆದ್ರು. ಕನ್ನಡಕ, ಸೂಟು, ಮೆಲುದನಿ. ಅಷ್ಟು ಹೊತ್ತಿಗೆ ಫುಟ್‌ಬಾಲೇ ಬದಲಾಗಿತ್ತು. 1990ರ ದಶಕದಲ್ಲಿ ಟೆಕ್ನಿಕಲ್ ಏರಿಯಾ ನಿಯಮ ಪುಸ್ತಕಕ್ಕೆ ಬಂದ ಮೇಲೆ ಮ್ಯಾನೇಜರ್‌ಗೆ ಗೆರೆ ಪಕ್ಕ ನಿಂತು ಕೂಗೋಕೆ ತನ್ನದೇ ಜಾಗ ಸಿಕ್ಕಿತ್ತು. ಕ್ಯಾಮೆರಾಗಳಿಗೆ ಅದು ಇನ್ನೊಂದು ರಂಗಸ್ಥಳ. ಆ ರಂಗಸ್ಥಳದಲ್ಲಿ ಪಾತ್ರ ಮಾಡದವನು ಎಲ್ಲರ ಕಣ್ಣಿಗೆ ಬೀಳ್ತಾನೆ.

2001ರ ಸೆಪ್ಟೆಂಬರ್ 1, ಮ್ಯೂನಿಕ್. ಜರ್ಮನಿಯನ್ನು ಅವರ ನೆಲದಲ್ಲೇ ಇಂಗ್ಲೆಂಡ್ 5-1ರಲ್ಲಿ ಹೊಡೀತು. ಎರಿಕ್ಸನ್ ಶಾಂತ ಮುಖ ಎಲ್ಲರಿಗೂ ಮೆಚ್ಚುಗೆ. ಎಂಥ ತಣ್ಣನೆ ತಲೆ ಅಂದ್ರು.

2002ರ ಜೂನ್ 21, ಜಪಾನ್‌ನ ಶಿಜುವೊಕಾ. ವಿಶ್ವಕಪ್ ಕ್ವಾರ್ಟರ್ ಫೈನಲ್, ಎದುರಿಗೆ ಬ್ರೆಜಿಲ್. ಓವನ್ ಗೋಲಿನಿಂದ ಇಂಗ್ಲೆಂಡ್ ಮುಂದಿತ್ತು. ವಿರಾಮಕ್ಕೆ ಸ್ವಲ್ಪ ಮುಂಚೆ ರಿವಾಲ್ಡೊ ಸಮ ಮಾಡಿದ್ರು. ವಿರಾಮದ ಮೇಲೆ ರೊನಾಲ್ಡಿನ್ಯೊ ದೂರದಿಂದ ಹೊಡೆದ ಫ್ರೀ ಕಿಕ್ ಗೋಲ್‌ಕೀಪರ್ ತಲೆ ಮೇಲಿಂದ ಒಳಗೆ. ಆಮೇಲೆ ರೊನಾಲ್ಡಿನ್ಯೊಗೆ ರೆಡ್ ಕಾರ್ಡ್. ಅರ್ಧ ಗಂಟೆಗೂ ಹೆಚ್ಚು ಹೊತ್ತು 10 ಜನರ ಬ್ರೆಜಿಲ್ ಎದುರು ಇಂಗ್ಲೆಂಡ್ ಪರದಾಡಿ 1-2ರಲ್ಲಿ ಸೋತಿತು. ಎರಿಕ್ಸನ್ ಮುಖ ಮ್ಯೂನಿಕ್‌ನಲ್ಲಿ ಇದ್ದ ಹಾಗೇ ಇತ್ತು. ಈ ಸಲ ಜನ ಹೇಳಿದ್ದು: ಇವರಿಗೆ ಭಾವನೆಯೇ ಇಲ್ಲ, ವಿರಾಮದಲ್ಲಿ ಹುಡುಗರಿಗೆ ಬೆಂಕಿ ಹಚ್ಚೋ ಒಂದು ಮಾತೂ ಆಡಲಿಲ್ಲ.

ಗಮನಿಸಿ, ಮುಖ ಬದಲಾಗಿರಲಿಲ್ಲ. ಸ್ಕೋರ್ ಬದಲಾಗಿತ್ತು.

ಹಾಗಂತ ಟೀಕೆ ಪೂರ್ತಿ ಸುಳ್ಳೂ ಅಲ್ಲ. 10 ಜನರ ಎದುರು ಯೋಜನೆ ಏನು ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಆದ್ರೆ ಅದು ಯೋಜನೆಯ ಪ್ರಶ್ನೆ, ಗಂಟಲಿನದಲ್ಲ. ನಾವು ಬಹಳ ಸಲ ಮೊದಲನೆಯದನ್ನು ಕೇಳೋ ಬದಲು ಎರಡನೆಯದನ್ನು ಕೇಳಿಬಿಡ್ತೀವಿ. ಯೋಜನೆ ಕಣ್ಣಿಗೆ ಕಾಣಲ್ಲ, ಮುಖ ಕಾಣುತ್ತೆ. ಅದಕ್ಕೇ.

6/6

ಆನ್‌ಫೀಲ್ಡ್ ಮೈದಾನದ ಹೊರಗೆ ಇವತ್ತು ಇಬ್ಬರಿಗೂ ಪ್ರತಿಮೆ ಇದೆ. ಶ್ಯಾಂಕ್ಲಿಯದು 1997ರಲ್ಲಿ ಬಂತು. ಎರಡೂ ಕೈ ಚಾಚಿ ಜನರನ್ನು ಅಪ್ಪಿಕೊಳ್ಳೋ ಹಾಗೆ ನಿಂತಿದ್ದಾರೆ.

ಪೇಸ್ಲಿ ಪ್ರತಿಮೆ ಬರೋಕೆ 2020ರವರೆಗೆ ಕಾಯಬೇಕಾಯ್ತು. ಅದರಲ್ಲಿ ಅವರ ಕೈಯಲ್ಲಿ ಕಪ್ ಇಲ್ಲ. 1968ರ ಒಂದು ಪಂದ್ಯದಲ್ಲಿ ಗಾಯಗೊಂಡ ಹುಡುಗನನ್ನು ಬೆನ್ನ ಮೇಲೆ ಹೊತ್ತು ಮೈದಾನದಿಂದ ಹೊರಗೆ ತರ್ತಿರೋ ಟ್ರೈನರ್ ಅವರು. ಆ ಹುಡುಗ ಎಮ್ಲಿನ್ ಹ್ಯೂಸ್. ಒಂಬತ್ತು ವರ್ಷದ ನಂತರ ರೋಮ್‌ನಲ್ಲಿ ಯುರೋಪಿಯನ್ ಕಪ್ ಎತ್ತಿದ ನಾಯಕ ಅದೇ ಹ್ಯೂಸ್.

ಮತ್ತೆ ಎರಿಕ್ಸನ್? ಅವರು ಜೀವನಪೂರ್ತಿ ಲಿವರ್‌ಪೂಲ್ ಅಭಿಮಾನಿ. ಅವರಪ್ಪನೂ ಅಷ್ಟೆ. ಆ ತಂಡದ ಮ್ಯಾನೇಜರ್ ಆಗಬೇಕು ಅನ್ನೋ ಆಸೆ ಕೈಗೂಡಿರಲಿಲ್ಲ. 2024ರ ಜನವರಿಯಲ್ಲಿ ಅವರು ತಮಗೆ ಕ್ಯಾನ್ಸರ್ ಇದೆ, ಹೆಚ್ಚೆಂದ್ರೆ ಒಂದು ವರ್ಷ ಅಂತ ತಿಳಿಸಿದ್ರು. ಮಾರ್ಚ್ 23ರಂದು ಆನ್‌ಫೀಲ್ಡ್‌ನಲ್ಲಿ ಹಳೇ ಆಟಗಾರರ ದತ್ತಿ ಪಂದ್ಯ, ಅಯಾಕ್ಸ್ ವಿರುದ್ಧ. ಲಿವರ್‌ಪೂಲ್ ಬೆಂಚ್‌ನಲ್ಲಿ ಆ ದಿನ ಅವರನ್ನು ಕೂರಿಸಿದ್ರು. ಗ್ಯಾಲರಿ ಪೂರ್ತಿ ಎದ್ದು ಹಾಡಿತು. ಭಾವನೆಯೇ ಇಲ್ಲ ಅಂತ ಒಂದು ದೇಶ ಬೈದ ಮನುಷ್ಯನ ಕಣ್ಣು ತುಂಬಿ ಬಂತು. ಅದೇ ಆಗಸ್ಟ್ 26ರಂದು ಅವರು ತೀರಿಹೋದ್ರು.

ಮುಂದಿನ ಸಲ ನಿಮ್ಮ ತಂಡದ ಹೊಸ ಮ್ಯಾನೇಜರ್ ಕೈಕಟ್ಟಿ ಕೂತಾಗ ಬೈಯಿರಿ, ಬೇಡ ಅನ್ನಲ್ಲ. ಟಿಕೆಟ್ ದುಡ್ಡು ನಿಮ್ಮದು, ಹೊಟ್ಟೆ ಉರಿಯೂ ನಿಮ್ಮದು. ಬೈಯೋ ಮುಂಚೆ ಒಂದು ಸಲ ಕ್ಯಾಮೆರಾ ತೋರಿಸೋ ಮುಖ ಬಿಟ್ಟು ಮೈದಾನ ನೋಡಿ. ಕಳೆದ ತಿಂಗಳು ಆಡೋಕೆ ಬರದಿದ್ದ ಹುಡುಗ ಈ ತಿಂಗಳು ಎಲ್ಲಿ ನಿಂತು ಆಡ್ತಿದ್ದಾನೆ ಅಂತ ನೋಡಿ.

ನೀವು ಶ್ಯಾಂಕ್ಲಿ ಪಕ್ಷವೋ, ಪೇಸ್ಲಿ ಪಕ್ಷವೋ? ಕೆಳಗೆ ಬರೀರಿ. ವಾದ ಮಾಡೋಣ. ⚽

#ಫುಟ್‌ಬಾಲ್‌ಕಥೆ #ಲಿವರ್‌ಪೂಲ್ #ಬಾಬ್‌ಪೇಸ್ಲಿ #ಕನ್ನಡದಲ್ಲಿ_ಇತಿಹಾಸ