ಎರಡು ಲೈನ್ ಇದ್ದರೆ ಸಾಕಾ? ಸಣ್ಣ ಕಚೇರಿಗೊಂದು ಇಂಟರ್‌ನೆಟ್ ಕೈಪಿಡಿ

ಸುದ್ದಿತಾಣ, ಕಾರ್ಮಿಕ ಸಂಘ, ಕಾನೂನು ನೆರವಿನ ಗುಂಪು: ಇಂಥ ಸಣ್ಣ ಕಚೇರಿಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. 'ಎರಡು ಕಂಪನಿ ಲೈನ್ ಹಾಕ್ಸಿದೀವಲ್ಲ, ಇನ್ನೇನು ಬೇಕು?' ಅಂತ ಕೇಳುವವರೇ ಹೆಚ್ಚು. ಲೈನ್ ಹೋದ ದಿನವೇ ಇದಕ್ಕೆ ಉತ್ತರ ಹುಡುಕಬಾರದು, ಹಾಗಾಗಿ ಈಗಲೇ ಬರೆದಿಡುತ್ತಿದ್ದೇನೆ.

ದಾರಿ ಬೇರೆ ಇರಲಿ: ಬಿಲ್ ಬೇರೆ ಇದ್ದರೆ ಕೇಬಲ್‌ ದಾರಿಯೂ ಬೇರೆ ಎಂದಲ್ಲ. ಎರಡೂ ಫೈಬರ್ ಒಂದೇ ರಸ್ತೆಯಡಿ ಬಂದಿದ್ದರೆ ಒಂದು ಜೆಸಿಬಿ ಸಾಕು, ಎರಡೂ ಢಮಾರ್. ಮುಖ್ಯ ಲೈನ್ ಫೈಬರ್, ಬದಲಿ ಲೈನ್ ಬೇರೆ ಕಂಪನಿಯ 4ಜಿ ಅಥವಾ 5ಜಿ: ಇದು ನನ್ನ ಸಲಹೆ. ಫೈಬರ್ ಪೆಟ್ಟಿಗೆ, ಫೈರ್‌ವಾಲ್ ಎರಡಕ್ಕೂ ಯುಪಿಎಸ್ ಇರಲಿ.

ಭರವಸೆಯ ಲೆಕ್ಕ: 'ಶೇ. 99.5 ಅಪ್‌ಟೈಮ್' ಎಂದರೆ 30 ದಿನದಲ್ಲಿ 3 ಗಂಟೆ 36 ನಿಮಿಷ ಬಂದ್ ಆದರೂ ಒಪ್ಪಂದ ಮುರಿಯಲ್ಲ. ಶೇ. 99.9 ಆದರೆ ಸುಮಾರು 43 ನಿಮಿಷ. ಕೆಟ್ಟರೆ ಎಷ್ಟು ಹೊತ್ತಲ್ಲಿ ಸರಿಮಾಡ್ತಾರೆ ಅನ್ನೋದನ್ನ ಬರಹದಲ್ಲೇ ಕೇಳಿ.

ಫೈರ್‌ವಾಲ್ ಕಡೆ: ಲೈನ್ ಬದುಕಿದೆಯಾ ಅಂತ ಫೈರ್‌ವಾಲ್ ಪಕ್ಕದ ಮೋಡೆಮ್ಮನ್ನೇ ಕೇಳಿದರೆ ಅದು ಸದಾ 'ಹೌದು' ಅನ್ನುತ್ತೆ. ಹೊರಗಿನ ವಿಳಾಸವನ್ನು, ಉದಾಹರಣೆಗೆ 1.1.1.1 ಅಥವಾ 8.8.8.8, ಪರೀಕ್ಷೆಗೆ ಕೊಡಿ. ಮುಖ್ಯ ಲೈನಿಗೆ ಹಾಕಿದ ನಿಯಮಗಳೆಲ್ಲ ಬದಲಿ ಲೈನಿಗೂ ಇರಬೇಕು, ಐಪಿವಿ6ಗೂ ಸೇರಿ. ಇಲ್ಲದಿದ್ದರೆ ಮುಂಬಾಗಿಲಿಗೆ ಬೀಗ, ಹಿತ್ತಿಲು ತೆರೆದಂತೆ. ಮೊಬೈಲ್ ಲೈನಿನಲ್ಲಿ ಸಾಮಾನ್ಯವಾಗಿ ಒಂದೇ ಸಾರ್ವಜನಿಕ ಐಪಿಯನ್ನು ಹಲವರು ಹಂಚಿಕೊಳ್ಳುತ್ತಾರೆ. ಮನೆಯಿಂದ ಕಚೇರಿಗೆ ವಿಪಿಎನ್ ಹಾಕುವವರಿಗೆ ಆಗ ದಾರಿ ಸಿಗಲ್ಲ. ಹೊರಗೊಂದು ಸರ್ವರ್ ಇಟ್ಟು, ಕಚೇರಿಯ ಫೈರ್‌ವಾಲೇ ಅಲ್ಲಿಗೆ ಸಂಪರ್ಕ ಹಾಕುವಂತೆ ಮಾಡಿ.

ಸರ್ಕಾರವೇ ನಿಲ್ಲಿಸಿದಾಗ: ಭಾರತದ ಸ್ಥಗಿತಗಳಲ್ಲಿ ಬಹಳಷ್ಟು ಸಲ ಮೊದಲು ಹೋಗೋದು ಮೊಬೈಲ್ ಡೇಟಾ. ಬರೀ ಸಿಮ್ಮುಗಳನ್ನೇ ನಂಬಿದ ಕಚೇರಿ ಆಗ ಮೂಕ. ಎರಡೂ ನಿಂತರೆ ತಂತ್ರಜ್ಞಾನ ಮುಗಿದು ಕಾನೂನು ಶುರು. 2020ರ ಜನವರಿ 10ರ ಅನುರಾಧಾ ಭಾಸಿನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅನಿರ್ದಿಷ್ಟ ಸ್ಥಗಿತ ಸಲ್ಲದು, ಆದೇಶ ಪ್ರಕಟಿಸಬೇಕು ಎಂದಿತು. 2024ರ ನಿಯಮಗಳ ಪ್ರಕಾರ ಒಂದು ಆದೇಶ 15 ದಿನ ಮೀರುವಂತಿಲ್ಲ. ಆದೇಶದ ಪ್ರತಿ ಕೇಳಿ, ಲೈನ್ ನಿಂತ ಸಮಯ ಬರೆದಿಡಿ. ಫೈರ್‌ವಾಲ್ ಲಾಗ್ ಇಲ್ಲಿ ನಿಮ್ಮ ದಾಖಲೆ.

ಕೊನೆಗೆ ಒಂದು ಅಭ್ಯಾಸ: ತಿಂಗಳಿಗೊಮ್ಮೆ, ಕೆಲಸದ ಹೊತ್ತಲ್ಲೇ, ಮುಖ್ಯ ಕೇಬಲ್ ಕಿತ್ತು ನೋಡಿ. ಪರೀಕ್ಷಿಸದ ಬದಲಿ ಲೈನ್‌ಗೆ ಬಿಲ್ ಮಾತ್ರ ತಪ್ಪದೆ ಬರುತ್ತೆ.